ಕಿರುಬೆರಳಿಗೆ ಬಂದು ನಿಂತ ಸುದ್ದಿ

ಆಗೆಲ್ಲ ಕಮ್ಮರಡಿಗೆ ಬೆಳಗಿನ ಮೊದಲ ಬಸ್ಸು ಬರುವಷ್ಟರಲ್ಲಿ ನಮ್ಮ ಅಪ್ಪಯ್ಯನ ಹೋಟೆಲಿನ ಕಾವಲಿ ಕಾದಿರುತ್ತಿತ್ತು. ಹೋಟೆಲು ಅಂದರೆ ಮುಂದೆ ನಾಲ್ಕು ಬೆಂಚು, ಒಂದು ಗಾಜಿನ ಕಪಾಟು. ಹಿಂದೆ ನಾವು ಮೂವರು ಇರುವ ಕೋಣೆ. ನೀರುದೋಸೆಯ ಹಬೆ, ಚಟ್ನಿಯ ಹಸಿಮೆಣಸಿನ ಘಾಟು, ಡಿಕಾಕ್ಷನ್ನಿನ ವಾಸನೆ ಎಲ್ಲ ನನ್ನ ಯೂನಿಫಾರ್ಮಿಗೆ ಅಂಟಿಕೊಂಡೇ ಶಾಲೆಗೆ ಬರುತ್ತಿತ್ತು. ಪಕ್ಕದಲ್ಲಿ ಕೂರುತ್ತಿದ್ದ ನಸೀಮಾ ನನ್ನ ತೋಳಿನ ಹತ್ತಿರ ಮೂಗು ತಂದು, "ಇವತ್ತು ಗೋಳಿಬಜೆ ಅಲ್ವನೇ?" ಅಂತ ಕಂಡುಹಿಡಿಯುತ್ತಿದ್ದಳು. ಅವಳ ಅಪ್ಪನಿಗೆ ಬಸ್‌ಸ್ಟ್ಯಾಂಡಿನಲ್ಲಿ ಬಳೆ ಅಂಗಡಿ ಇತ್ತು.

ಏಳನೇ ಕ್ಲಾಸಿನಲ್ಲಿ ನಮಗೆ ವಿಜ್ಞಾನಕ್ಕೆ ಮೀನಾಕ್ಷಿ ಟೀಚರ್ ಬಂದರು. ಮಳೆ ಮುಗಿದು ಚಳಿ ಶುರುವಾಗಿತ್ತು. ಮೆದುಳು ಮತ್ತು ನರಗಳ ಪಾಠದ ದಿನ ಅವರು ಪುಸ್ತಕ ಮುಚ್ಚಿಸಿ ನಮ್ಮನ್ನೆಲ್ಲ ಬಯಲಿಗೆ ಕರೆದುಕೊಂಡು ಹೋದರು.

"ಮೆದುಳು ತಲೆಬುರುಡೆಯೊಳಗೆ ಕತ್ತಲಲ್ಲಿ ಕೂತಿರ್ತದೆ. ಕಾಲಿಗೆ ಮುಳ್ಳು ಹೆಟ್ಟಿದ್ರೆ ಅದಕ್ಕೆ ತಾನಾಗಿ ಗೊತ್ತಾಗೂದಿಲ್ಲ. ನರ ಹೋಗಿ ಸುದ್ದಿ ಹೇಳ್ಬೇಕು. ಈಗ ನೀವೆಲ್ಲ ಸೇರಿ ಒಂದು ನರ," ಅಂದರು.

ಸಾಲಾಗಿ ಕೈಹಿಡಿದು ಕಣ್ಣುಮುಚ್ಚಿ ನಿಂತೆವು. ಆ ತುದಿಯಲ್ಲಿದ್ದವನು ಕಾಲು. ಈ ತುದಿಯಲ್ಲಿ ಟೀಚರೇ ಮೆದುಳು. ಒಬ್ಬರು ಪಕ್ಕದವರ ಕಿರುಬೆರಳನ್ನು ಮೆಲ್ಲಗೆ ಒತ್ತಬೇಕು, ಅವರು ಮುಂದಿನವರದ್ದನ್ನು. ಸುದ್ದಿ ಬಂದು ಮುಟ್ಟಿದ ಕೂಡಲೇ ಟೀಚರ್ "ಅಯ್ಯೋ ಮುಳ್ಳು!" ಅಂತ ಕೂಗುವುದು, ಆ ತುದಿಯವನು ಕಾಲೆತ್ತಿ ಕುಣಿಯುವುದು. ಮೊದಲು ಗಂಡುಮಕ್ಕಳು ಆಡಿದರು. ನಕ್ಕು ನಕ್ಕು ಸಾಕಾಯಿತು.

ನಮ್ಮ ಸಾಲಿನಲ್ಲಿ ಸುದ್ದಿ ಬರಲೇ ಇಲ್ಲ.

"ಸವಿತಾನ ಹತ್ರ ನಿಂತಿದೆ ಟೀಚರ್! ನಾನು ಆಗಿಂದ ಒತ್ತುತ್ತಾ ಇದ್ದೇನೆ," ನಸೀಮಾ ಕೂಗಿದಳು. ನಾನು ಸುಳ್ಳು ಅಂದೆ. ಅವಳು ನನ್ನ ಎಡಗೈ ಎತ್ತಿ ತೋರಿಸಿದಳು. ಕಿರುಬೆರಳಿನ ಮೇಲೆ ಅವಳ ಉಗುರಿನ ಗುರುತು ಅರ್ಧಚಂದ್ರದ ಹಾಗೆ ಕೂತಿತ್ತು. "ಇವಳ ಲೈನ್ ಕಟ್ಟಾಗಿದೆ!" ಅಂತ ಗಂಡುಮಕ್ಕಳು ನಕ್ಕರು. ನಾನೂ ನಕ್ಕೆ.

ಟೀಚರ್ ನಗಲಿಲ್ಲ. ಇಂಟರ್‌ವೆಲ್ಲಿನಲ್ಲಿ ನನ್ನನ್ನು ಜಗಲಿಯಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿ, ಕಸಬರಿಗೆಯ ಹಿಡಿಕಡ್ಡಿಯ ತುದಿಯಿಂದ ಕೈಯುದ್ದಕ್ಕೂ ಮುಟ್ಟುತ್ತ ಬಂದರು. "ಇಲ್ಲಿ ಗೊತ್ತಾಗ್ತದಾ? ಇಲ್ಲಿ?" ನಾನು ಹೂಂ ಅನ್ನುತ್ತಿದ್ದೆ. ಆಮೇಲೆ ಅವರ ಮಾತು ನಿಂತಿತು. ಎಷ್ಟು ಹೊತ್ತಾದರೂ ಕೇಳಲಿಲ್ಲವಲ್ಲ ಅಂತ ಕಣ್ಣುಬಿಟ್ಟರೆ ಕಡ್ಡಿ ನನ್ನ ಮೊಣಕೈ ಹತ್ತಿರದ ಬಿಳಿಚಿದ ಮಚ್ಚೆಯ ಮೇಲಿತ್ತು. ಚಿಬ್ಬು ಅಂತ ಅಮ್ಮ ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ಕಡ್ಡಿಯ ತುದಿಯಲ್ಲಿ ಒಂದು ಹನಿ ರಕ್ತ ಬಂದಿತ್ತು.

ಆ ಸಂಜೆಯೇ ಟೀಚರ್ ಹೋಟೆಲಿಗೆ ಬಂದರು. ಅಪ್ಪಯ್ಯ ಕಾಫಿ ಕೊಡಲು ಹೋದ. ಅವರು ಒಳಗೆ ಬಂದು ಮಾತಾಡಬೇಕು ಅಂದರು. ಕುಷ್ಠ ಎಂಬ ಪದವನ್ನು ನಾನು ಮೊದಲು ಕೇಳಿದ್ದು ಅವತ್ತು, ಬಾಗಿಲ ಹಿಂದೆ ನಿಂತು.

"ಸಣ್ಣಕೆ ಮಾತಾಡಿ ಟೀಚರ್," ಅಪ್ಪಯ್ಯ ಅಂದ. "ಹೊರಗೆ ಜನ ಕೂತಿದ್ದಾರೆ."

"ಅದೇ ಅಂತ ನಾನು ಹೇಳ್ತಾ ಇಲ್ಲ. ಆಸ್ಪತ್ರೆಗೆ ತೋರ್ಸಿ ಅಂತಿದ್ದೇನೆ. ಮಾತ್ರೆ ತಗೊಂಡ್ರೆ ವಾಸಿಯಾಗ್ತದೆ. ತಡ ಮಾಡಿದ್ರೆ ನರ ಹೋಗ್ತದೆ."

"ಜನರ ಬಾಯಿಗೆ ಅನ್ನ ಹಾಕೋ ಮನೆ ಇದು. ದೊಡ್ಡ ರೋಗ ಅಂತ ಒಬ್ರ ಕಿವಿಗೆ ಬಿದ್ರೆ ನಾನು ಒಲೆ ಹಚ್ಚೋ ಹಾಂಗಿಲ್ಲ. ಕೈಮುಗೀತೇನೆ, ಯಾರಿಗೂ ಹೇಳ್ಬೇಡಿ."

ಟೀಚರ್ ಯಾರಿಗೂ ಹೇಳಲಿಲ್ಲ. ನಮ್ಮವರು ಆಸ್ಪತ್ರೆಗೂ ಹೋಗಲಿಲ್ಲ. ಮರುದಿನದಿಂದ ನನ್ನನ್ನು ಶಾಲೆ ಬಿಡಿಸಿದರು. ಕೇಳಿದವರಿಗೆಲ್ಲ ಕಾಮಾಲೆ ಅಂತ ಹೇಳಿದರು. ಅಪ್ಪಯ್ಯ ಬೇಗಾರಿನ ಕಡೆ ಯಾರೋ ಬೇರು ಕೊಡುತ್ತಾರೆಂದು ಹೋಗಿ ಕಷಾಯದ ಕಟ್ಟು ತಂದ. ಅದು ಎಷ್ಟು ಕಹಿ ಎಂದರೆ ಮಧ್ಯಾಹ್ನದ ಅನ್ನವೂ ಕಹಿಯಾಗುತ್ತಿತ್ತು. ಅಮ್ಮ ನನಗೆ ಬೇರೆ ತಟ್ಟೆ, ಬೇರೆ ಚಾಪೆ ಮಾಡಿದಳು. ತಲೆ ಬಾಚುವುದನ್ನು ಬಿಟ್ಟಳು. ಒಂದು ದಿನ ನಾನು ಜಡೆ ಹಾಕಿಕೊಳ್ಳಲು ಬಾರದೆ ಅಳುತ್ತಿದ್ದಾಗ ಬಾಗಿಲಲ್ಲಿ ನಿಂತು, "ನಿನ್ನ ಮೇಲೆ ಸಿಟ್ಟಲ್ಲ ಕೂಸೇ, ನಂಗೆ ಹೆದ್ರಿಕೆ," ಅಂದಳು. ಅಂದವಳು ಹತ್ತಿರ ಬರಲಿಲ್ಲ. ಹಾಗೇ ಒಲೆಯ ಕಡೆ ಹೋದಳು.

ಒಳಕೋಣೆಯಲ್ಲಿ ಕೂತು ನಾನು ದಿನವೂ ಒಂದೇ ಕೆಲಸ ಮಾಡುತ್ತಿದ್ದೆ. ಎಡಗೈಯ ಕಿರುಬೆರಳನ್ನು ಚಿವುಟುವುದು, ಕಚ್ಚುವುದು. ಟೀಚರ್ ಹೇಳಿದ ನರ ಎಲ್ಲೋ ಮಲಗಿದೆ, ಜೋರಾಗಿ ಎಬ್ಬಿಸಿದರೆ ಏಳುತ್ತದೆ ಅಂದುಕೊಂಡಿದ್ದೆ. "ಹೋಗು, ಹೋಗಿ ಹೇಳು" ಅಂತ ಬೆರಳಿಗೆ ಗದರುತ್ತಿದ್ದೆ. ಬೆರಳಿನ ತುಂಬ ಹಲ್ಲಿನ ಗುರುತು. ನೋವು ಬರಲಿ ದೇವರೇ ಅಂತ ಬೇಡಿಕೊಂಡ ಮಕ್ಕಳು ಬೇರೆ ಯಾರಾದರೂ ಇದ್ದಾರೋ ಏನೋ. ಆಚೆ ಬೆಂಚುಗಳಲ್ಲಿ ಜನ ಅಡಿಕೆ ರೇಟು ಮಾತಾಡುತ್ತ ದೋಸೆ ತಿನ್ನುವುದು ಕೇಳುತ್ತಿತ್ತು. ಬರುಬರುತ್ತ ಉಂಗುರದ ಬೆರಳೂ ಜೊಮ್ಮುಗಟ್ಟಿತು. ಬೆರಳೆರಡೂ ಒಳಗೆ ಮಡಚತೊಡಗಿದವು.

ಒಂದು ಬೆಳಿಗ್ಗೆ ಜನ ಕಮ್ಮಿಯಿದ್ದ ಹೊತ್ತಲ್ಲಿ ನೀರು ಕುಡಿಯಲೆಂದು ಅಡುಗೆಮನೆಗೆ ಬಂದೆ. ಹಂಡೆಯಿಂದ ನೀರು ಬಗ್ಗಿಸಿಕೊಳ್ಳುವಾಗ ಆಧಾರಕ್ಕೆ ಪಕ್ಕದಲ್ಲಿ ಕೈಯಿಟ್ಟೆ. ಏನೋ ಸುಟ್ಟ ವಾಸನೆ ಬಂತು. ದೋಸೆ ಸೀಯುತ್ತಿದೆ ಅಂದುಕೊಂಡೆ.

ನಾನು ಕೂಗಲಿಲ್ಲ. ಕೂಗಿದ್ದು ಅಮ್ಮ. ಓಡಿಬಂದು ನನ್ನ ಕೈಯನ್ನು ಕಾವಲಿಯ ಅಂಚಿನಿಂದ ಕಿತ್ತಳು. ಅಷ್ಟು ದಿನಗಳ ಮೇಲೆ ಅವಳು ನನ್ನನ್ನು ಮುಟ್ಟಿದ್ದು ಅವತ್ತು. ಅಂಗೈಯ ಅಂಚಿನ ಚರ್ಮ ಕಾವಲಿಗೆ ಅಂಟಿಕೊಂಡಿತ್ತು. ನಾನು ಸುಮ್ಮನೆ ನೋಡುತ್ತಿದ್ದೆ. ನನ್ನ ಆ ಸುಮ್ಮನಿರುವಿಕೆಯನ್ನು ಕಂಡೇ ಅಮ್ಮ ನೆಲಕ್ಕೆ ಕುಸಿದು ಎದೆ ಬಡಿದುಕೊಂಡಳು. ಅಪ್ಪಯ್ಯ ಒಲೆಗೆ ನೀರು ಹೊಯ್ದ. ಬೆಂಚಿನಲ್ಲಿ ಕೂತವರಿಗೆ ಏನೂ ಹೇಳದೆ ನನ್ನನ್ನು ಎತ್ತಿಕೊಂಡು ಹೋಗಿ ಶಿವಮೊಗ್ಗದ ಕಡೆಗಿನ ಬಸ್ಸು ಹತ್ತಿದ.

ಡಾಕ್ಟರ್ ನನ್ನ ಮೊಣಕೈ ಹಿಂದೆ ಒತ್ತಿ ನೋಡಿದರು. ನರ ಹಗ್ಗದ ಹಾಗೆ ದಪ್ಪಗಾಗಿತ್ತು. "ಇದು ಪೂರ್ತಿ ವಾಸಿಯಾಗೋ ಕಾಯಿಲೆ. ಮಾತ್ರೆ ಪುಕ್ಕಟೆ ಕೊಡ್ತೇವೆ," ಅಂದರು. ಮಡಚಿದ ಬೆರಳುಗಳನ್ನು ಬಿಡಿಸಲು ನೋಡಿ, "ಇವಕ್ಕೆ ಮಾತ್ರ ಸ್ವಲ್ಪ ಮುಂಚೆ ಬರ್ಬೇಕಿತ್ತು," ಅಂದರು. ಅಪ್ಪಯ್ಯ ಹೊರಗೆ ಬಂದು ಗೋಡೆಗೆ ಮುಖ ಮಾಡಿ ನಿಂತುಬಿಟ್ಟ.

ಮಾತ್ರೆ ಶುರುವಾಯಿತು. ಮನೆಯವರನ್ನು ಪರೀಕ್ಷೆ ಮಾಡಲು ಆರೋಗ್ಯ ಇಲಾಖೆಯವರು ಬಂದುಹೋದರು. ಯಾಕೆ ಬಂದರೆಂದು ಪೇಟೆಗೆಲ್ಲ ತಿಳಿಯಿತು. ನಾನು ಶಾಲೆಗೆ ಹೋದ ದಿನ ನನ್ನ ಬೆಂಚು ಖಾಲಿ ಇತ್ತು, ಅದರ ಹಿಂದಿನದೂ ಖಾಲಿ. ನಸೀಮಾ ಕಿಟಕಿಯ ಹತ್ತಿರ ತಲೆತಗ್ಗಿಸಿ ಕೂತಿದ್ದಳು.

ಮೀನಾಕ್ಷಿ ಟೀಚರ್ ಬಗ್ಗಿ ನನ್ನ ಕಿವಿಯಲ್ಲಿ, "ಇವರಿಗೆ ಹೇಳ್ಲಾ? ನೀನು ಬೇಡ ಅಂದ್ರೆ ಇಲ್ಲ," ಅಂದರು. ನಾನು ಹೂಂ ಅಂತ ತಲೆಯಾಡಿಸಿದೆ.

ಅವರು ಬೋರ್ಡಿನ ಮೇಲೆ ದೊಡ್ಡದಾಗಿ ಒಂದು ಕೈ ಬರೆದು, ಮೆದುಳಿನವರೆಗೆ ನರದ ಗೆರೆ ಎಳೆದರು. ಕಣ್ಣಿಗೆ ಕಾಣದ ಒಂದು ಹುಳ ಆ ದಾರಿಯಲ್ಲಿ ಹೋಗಿ ಕೂತುಬಿಡುತ್ತದೆ ಅಂದರು. ಅದು ಯಾರ ಪಾಪವೂ ಅಲ್ಲ. ಮಾತ್ರೆ ಅದನ್ನು ಕೊಲ್ಲುತ್ತದೆ. ಇವಳು ಮಾತ್ರೆ ತಗೊಳ್ತಿದ್ದಾಳೆ, ಪಕ್ಕದಲ್ಲಿ ಕೂತರೆ, ಕೈಹಿಡಿದರೆ ಯಾರಿಗೂ ಬರುವುದಿಲ್ಲ. "ಎಂತಾದ್ರೂ ಕೇಳ್ಬೇಕಾ?" ಅಂದರು.

"ನೋಯೂದಿಲ್ವಾ ಟೀಚರ್?" ಹಿಂದಿನಿಂದ ಒಬ್ಬ ಕೇಳಿದ.

"ಇಲ್ಲ. ಅದೇ ಅದರ ಕಷ್ಟ."

ನಸೀಮಾ ಪಾಟಿಚೀಲ ಎತ್ತಿಕೊಂಡು ಬಂದಳು. ಮೊದಲಿನಂತೆ ಎಡಕ್ಕೆ ಕೂರಲಿಲ್ಲ, ಸುತ್ತಿಬಂದು ನನ್ನ ಬಲಕ್ಕೆ ಕೂತಳು. "ಈ ಕೈಲಿ ಸುದ್ದಿ ಹೋಗ್ತದಲ್ಲ?" ಅಂತ ಕಿರುಬೆರಳು ಒತ್ತಿದಳು. ನಾನು ತಿರುಗಿ ಅವಳ ಬೆರಳು ಒತ್ತಿದೆ. ಆ ವಾರದಲ್ಲಿ ಬೆಂಚುಗಳು ಮತ್ತೆ ತುಂಬಿದವು.

ಹೋಟೆಲಿನ ಬೆಂಚುಗಳು ತುಂಬಲಿಲ್ಲ. ಅಪ್ಪಯ್ಯ ಕಾವಲಿ ಕಾಯಿಸಿಕೊಂಡು ರಸ್ತೆ ನೋಡುತ್ತ ನಿಂತಿರುತ್ತಿದ್ದ. ಬಸ್ಸಿಳಿದವರು ನಮ್ಮ ಬಾಗಿಲ ಹತ್ತಿರ ಬಂದಾಗ ರಸ್ತೆಯ ಆಚೆ ದಾಟುತ್ತಿದ್ದರು. ಉಳಿದ ಹಿಟ್ಟನ್ನು ಅಮ್ಮ ದನದ ಕಲಗಚ್ಚಿನ ಬಾನಿಗೆ ಸುರಿಯುತ್ತಿದ್ದಳು. ಮೀನಾಕ್ಷಿ ಟೀಚರ್ ಕೆಲವು ದಿನ ಬೆಳಿಗ್ಗೆ ಎಲ್ಲರಿಗೂ ಕಾಣುವ ಹಾಗೆ ಮುಂದಿನ ಬೆಂಚಿನಲ್ಲಿ ಕೂತು ತಿಂಡಿ ತಿಂದರು. ಅವರೊಬ್ಬರೇ ಎಷ್ಟು ತಿಂದಾರು? ಮುಂದಿನ ಮಳೆ ಹಿಡಿಯುವ ಮೊದಲೇ ಅಪ್ಪಯ್ಯ ಬೆಂಚುಗಳನ್ನು ಮಾರಿ ಶೃಂಗೇರಿ ಕಡೆ ಒಬ್ಬರಲ್ಲಿ ಅಡುಗೆಗೆ ಸೇರಿದ. ಅಲ್ಲಿ ಯಾರಿಗೂ ಮಗಳ ಬಗ್ಗೆ ಹೇಳಲಿಲ್ಲ.

ಕಾಯಿಲೆ ಬಿಟ್ಟುಹೋಗಿ ಎಷ್ಟೋ ಕಾಲವಾಯಿತು. ಬೆರಳೆರಡು ಮಡಚಿಯೇ ಇವೆ. ಅಪ್ಪಯ್ಯ ಈಗಿಲ್ಲ. ಹೋಟೆಲಿದ್ದಲ್ಲಿ ಮೊಬೈಲ್ ಅಂಗಡಿ ಬಂದಿದೆ. ಹೋದ ವರ್ಷ ಕೊಪ್ಪದಲ್ಲಿ ಒಂದು ಮದುವೆಯೂಟಕ್ಕೆ ಕೂತಿದ್ದಾಗ ಪಕ್ಕದ ಎಲೆಯ ಹಿರಿಯರು ನನ್ನ ಗುರುತು ಹಿಡಿದರು. ಕಮ್ಮರಡಿಯವರು. ದಿನಾ ನಮ್ಮಲ್ಲಿ ಕಾಫಿ ಕುಡಿಯುತ್ತಿದ್ದವರು, ಆಮೇಲೆ ರಸ್ತೆ ದಾಟಿದವರಲ್ಲಿ ಒಬ್ಬರು.

"ನಿಮ್ಮಪ್ಪನ ಕೈಯ ನೀರುದೋಸೆ ಆಮೇಲೆ ಎಲ್ಲೂ ಸಿಗ್ಲಿಲ್ಲ ಮಾರಾಯ್ತಿ," ಅಂದರು. "ಅಷ್ಟು ಚೆನ್ನಾಗಿ ನಡೀತಿತ್ತು. ಯಾಕೆ ಮುಚ್ಚಿದ್ರು ಅಂತ?"

ಅವರ ಮುಖ ನೋಡಿದೆ. ನಾಟಕವಲ್ಲ, ನಿಜವಾಗಿಯೂ ಅವರಿಗೆ ನೆನಪಿರಲಿಲ್ಲ. ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡು, "ಅಪ್ಪಯ್ಯಂಗೆ ಆಗ್ತಿರ್ಲಿಲ್ಲ," ಅಂದೆ.

"ಛೆ," ಅಂದರು ಅವರು, ಪಾಯಸ ಬಡಿಸುವವನನ್ನು ಕೈಯೆತ್ತಿ ಕರೆಯುತ್ತ. "ಇನ್ನೊಂದು ನಾಲ್ಕು ವರ್ಷ ನಡೆಸ್ಬಹುದಿತ್ತು."