ಮಾವನಿಗೆ ನಾನು ಕೊಟ್ಟ ಕನ್ನಡಕ

ಸೋದರಮಾವನ ಮೂಗಿನ ಮೇಲೆ ತಂಪು ಕನ್ನಡಕ ಕೂತು ಕೂತು ಎರಡು ಗುಳಿ ಬಿದ್ದಿದ್ದವು. ಎಡಗಡೆಯದು ಹೆಚ್ಚು ಆಳ ಎಂದು ನನ್ನ ನೆನಪು, ಬಲಗಡೆಯದೂ ಇರಬಹುದು. ಅರವತ್ತರ ದಶಕದ ಕೊನೆಯ ಮಾತು. ವರ್ಷವೂ ಈಗ ಖಚಿತವಿಲ್ಲ.

ದೇವನಹಳ್ಳಿ ಕಡೆಯ ಬಯಲೊಂದರಲ್ಲಿ ಅವರು ಗ್ಲೈಡರ್ ಹಾರಿಸಲು ಕಲಿಸುತ್ತಿದ್ದರು. ಎಂಜಿನ್ ಇಲ್ಲದ ವಿಮಾನ. ಮೇಲೇಳುವ ಬಿಸಿಗಾಳಿ ಸಿಕ್ಕಷ್ಟು ಹೊತ್ತು ಹಾರಾಟ. ಹದ್ದುಗಳು ಎಲ್ಲಿ ಸುತ್ತುತ್ತಿವೆ ಎಂದು ನೋಡಿಕೊಂಡೇ ಹೊರಡುತ್ತಿದ್ದರು. ನೆಲದ ಮೇಲೆ ಮಾತ್ರ ಅವರಿಗೆ ಮಾತೇ ಇರಲಿಲ್ಲ. ಮಕ್ಕಳಿಲ್ಲದ ಆ ಮನೆಯಲ್ಲಿ ಅತ್ತೆ ಅಡುಗೆಮನೆಯಲ್ಲಿ, ಅವರು ಜಗಲಿಯಲ್ಲಿ.

ನಾನಾಗ ಭೌತಶಾಸ್ತ್ರದ ಎಂ.ಎಸ್‌ಸಿ. ಓದುತ್ತಿದ್ದೆ. ಗೆಳತಿಯ ಅಣ್ಣನ ಕೈಲಿ ವಿದೇಶದಿಂದ ಪೋಲರೈಸ್ಡ್ ತಂಪು ಕನ್ನಡಕ ತರಿಸಿ ಮಾವನಿಗೆ ಕೊಟ್ಟೆ. ಕಣ್ಣು ಕುಕ್ಕುವ ಹೊಳಪನ್ನು ಅದು ಹೇಗೆ ತಡೆಯುತ್ತದೆಂದು ಜಂಬದಿಂದ ವಿವರಿಸಿದೆ.

"ಸಾಕು ಸುಮ್ನಿರಮ್ಮ, ಮೊದ್ಲೇ ಇವ್ರು ನೆಲದ ಮೇಲೆ ಇರಲ್ಲ," ಎಂದು ಅತ್ತೆ ನಕ್ಕರು. ಆದರೂ ದಿನಾ ಬೆಳಿಗ್ಗೆ ಮಾವನ ಚೀಲಕ್ಕೆ ಬುತ್ತಿಯ ಜೊತೆ ಅದನ್ನೂ ಇಡತೊಡಗಿದವರು ಅವರೇ.

ಮರುವಾರ ಮಾವ ಹೇಳಿದರು: "ಮೋಡದ ಅಂಚು ಗೀರೆಳ್ದಂಗೆ ಕಾಣ್ತದೆ ಕಣೇ! ಗ್ಲೈಡರ್‌ನಲ್ಲಿ ತಲೆ ಮೇಲಿರೋ ಗಾಜಿನಂಥ ಮುಚ್ಚಳದ ತುಂಬ ಕಾಮನಬಿಲ್ಲು." ಅಷ್ಟುದ್ದದ ಮಾತು ಅವರಿಂದ ನಾನು ಕೇಳಿದ್ದು ಅದೊಂದೇ ಸಲ.

ಮುಂದೊಂದು ಮಧ್ಯಾಹ್ನ ಇನ್ನೊಂದು ಗ್ಲೈಡರ್ ಅವರ ರೆಕ್ಕೆಯ ಪಕ್ಕದಲ್ಲೇ ಹಾದುಹೋಯಿತು. ಹತ್ತಿರ ಬರುವವರೆಗೂ ಅವರು ಅದನ್ನು ನೋಡಿರಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಮಾವ ಕೆಳಗಿಳಿದು ಕೆಲಸ ಬಿಟ್ಟರು, ಮತ್ತೆಂದೂ ಹಾರಲಿಲ್ಲ.

ಸದ್ದಿಲ್ಲದ ಆ ವಿಮಾನಗಳು ದೂರದಿಂದ ಕಾಣುವುದು ಎಷ್ಟೋ ಸಲ ಬಿಸಿಲಿಗೆ ರೆಕ್ಕೆಯೋ ಮುಚ್ಚಳವೋ ಪಳಕ್ಕನೆ ಹೊಳೆದಾಗ. ನಾನು ಕೊಟ್ಟ ಕನ್ನಡಕ ಅಡಗಿಸುವುದು ಆ ಹೊಳಪನ್ನೇ. ಅಷ್ಟೆಲ್ಲ ಓದಿದ ನನಗೆ ಅದು ತೋಚಿದ್ದು ಆಮೇಲೆ.

ಕನ್ನಡಕದ ವಿಷಯ ಕೇಳಿದಾಗ ಮಾವ, "ಅವತ್ತು ಹಾಕ್ಕೊಂಡೇ ಇರ್ಲಿಲ್ಲ ಬಿಡೇ. ನಂಗೇ ವಯಸ್ಸಾಯ್ತು," ಎಂದರು. ಆಗ ಅವರಿಗೆ ನಲವತ್ತೂ ದಾಟಿರಲಿಲ್ಲ. ಅಲ್ಲಿಂದ ಮುಂದೆ ಸಂಜೆಯ ಹೊತ್ತು ಜಗಲಿಯಲ್ಲಿ ಒಬ್ಬರೇ ಕೂತು, ಹುಬ್ಬಿಗೆ ಕೈ ಅಡ್ಡ ಹಿಡಿದು ಹದ್ದು ನೋಡುತ್ತಿದ್ದರು. ಯಾರಾದರೂ ಬಂದರೆ ಕೈ ಇಳಿಸುತ್ತಿದ್ದರು.

ಅವರು ತೀರಿಕೊಂಡ ವರ್ಷ, ಅವರೆಕಾಯಿ ಕಾಲದಲ್ಲಿ, ಅತ್ತೆಯನ್ನು ನೋಡಲು ಹೋದೆ. ನೆನೆಸಿದ ಕಾಳು ಹಿದುಕುತ್ತ ಕೂತಿದ್ದರು. ನಾನೂ ಎದುರಿಗೆ ಕೂತೆ. ನಾಲ್ಕು ಕಾಳು ಹಿದುಕಿ ಕೇಳಿದೆ:

"ಅತ್ತೆ, ಮಾವ ಕೆಲ್ಸ ಬಿಟ್ರಲ್ಲ, ಅವತ್ತು ಬುತ್ತಿ ಜೊತೆ ಕನ್ನಡಕಾನೂ ಇಟ್ಟಿದ್ರಾ?"

ಅತ್ತೆ ಇನ್ನೊಂದು ಹಿಡಿ ಕಾಳು ತೆಗೆದು ನನ್ನ ಮುಂದೆ ಸುರಿದರು.