ಕೆಟ್ಟ ಬೋರ್ಡು ಹೊತ್ತು ಮದ್ದೂರಿಗೆ

ಮಳವಳ್ಳಿಯ ಒಂದು ಖಾಸಗಿ ಐಟಿಐ ಕಾಲೇಜು. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಲಗೂರಿನಿಂದ ಮೊದಲ ಬಸ್ಸಿಗೆ ಬಂದ ಅತಿಥಿ ಬೋಧಕಿ ಶಶಿರೇಖಾ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಿಂದಿನ ದಿನ ಹುಡುಗರು ಮಾಡಿಟ್ಟ ವೈರಿಂಗ್ ಬೋರ್ಡುಗಳಿಗೆ ಒಂದೊಂದಾಗಿ ಟೆಸ್ಟರ್ ಮುಟ್ಟಿಸಿ ನೋಡುತ್ತಿದ್ದಾರೆ. ಸರಿಯಿದ್ದದ್ದನ್ನು ಗೋಡೆಗೆ ಒರಗಿಸುತ್ತಾರೆ. ಕೆಟ್ಟದ್ದನ್ನು ಚೀಲಕ್ಕೆ ಹಾಕಿಕೊಳ್ಳುತ್ತಾರೆ.

ಆ ಚೀಲ ಶನಿವಾರ ಮಧ್ಯಾಹ್ನ ಮದ್ದೂರಿಗೆ ಹೋಗುತ್ತದೆ. ಅಲ್ಲಿನ ಮಹದೇವು ಮೇಷ್ಟ್ರ ಕೊಠಡಿಯಲ್ಲಿ ಮಳವಳ್ಳಿ, ಮದ್ದೂರು, ಮಂಡ್ಯ ಈ ಮೂರೂ ಊರಿನ ಎಲೆಕ್ಟ್ರಿಷಿಯನ್ ಬೋಧಕರು ಕೂಡುವ ಪದ್ಧತಿಯನ್ನು ಹಾಕಿಕೊಟ್ಟವರು ಮಂಡ್ಯದ ಹಿರಿಯ ಮೇಷ್ಟ್ರು ಕೆಂಪಸಿದ್ದಯ್ಯನವರು. ಒಬ್ಬೊಬ್ಬರೂ ತಮ್ಮ ಹುಡುಗರು ಕೆಡಿಸಿದ ಒಂದು ಕೆಲಸ ತರಬೇಕು. ಹುಡುಗನ ಹೆಸರು ಹೇಳಕೂಡದು. ‘ನನ್ನ ಪಾಠ ಎಲ್ಲಿ ತಪ್ಪಿತು?’ ಎಂದಷ್ಟೇ ಕೇಳಬೇಕು.

ಶಶಿರೇಖಾ ಮೊದಲ ಸಲ ಒಯ್ದ ಬೋರ್ಡಿನಲ್ಲಿ ದೀಪ ಉರಿಯುತ್ತಿತ್ತು, ಆರುತ್ತಿತ್ತು. ಆದರೆ ಆರಿಸಿದ ಮೇಲೂ ಹೋಲ್ಡರಿನಲ್ಲಿ ಕರೆಂಟು ಉಳಿಯುತ್ತಿತ್ತು. ಬಲ್ಬು ಬದಲಿಸಲು ಕೈಯಿಟ್ಟವನ ಗತಿ ದೇವರೇ ಬಲ್ಲ. ಕರೆಂಟು ಬರುವ ಕೆಂಪು ವೈರು ಸ್ವಿಚ್ಚಿಗೆ ಎಂದು ಅವರು ಕಲಿಸಿದ್ದರು. ಅಂದು ಹುಡುಗರಿಗೆ ಸಿಕ್ಕ ವೈರೆಲ್ಲ ಒಂದೇ ಬಣ್ಣದ್ದು; ಕರೆಂಟಿನ ವೈರು ಬಿಟ್ಟು ಇನ್ನೊಂದನ್ನು ಸ್ವಿಚ್ಚಿಗೆ ಕೊಟ್ಟಿದ್ದರು.

“‘ಬಣ್ಣ ಕಲ್ಸಿದ್ದೀಯ ಕಣವ್ವ, ಕರೆಂಟು ಕಲ್ಸಿಲ್ಲ’ ಅಂದ್ಬುಟ್ರು ಕೆಂಪಸಿದ್ದಯ್ಯ ಮೇಷ್ಟ್ರು. ಅತ್ತೇಬುಟ್ಟೆ. ಆಮೇಲೆ ಅವ್ರೇ ಟೀ ಕುಡ್ಸುದ್ರು” ಎಂದು ನಗುತ್ತಾರೆ.

ಹೋದ ಕಾರ್ತಿಕದಲ್ಲಿ ಕೆಂಪಸಿದ್ದಯ್ಯನವರು ತೀರಿಕೊಂಡರು. ಒಳ್ಳೆಯವರನ್ನು ಭಗವಂತ ಬೇಗ ಕರೆದುಕೊಳ್ಳುತ್ತಾನೆ ಎನ್ನುತ್ತಾರೆ. ಉಳಿದವರನ್ನು ಯಾರ ಕೈಗೆ ಒಪ್ಪಿಸುತ್ತಾನೆ ಎಂದು ಯಾರೂ ಹೇಳುವುದಿಲ್ಲ.

ಅವರು ಹೋದ ಮೇಲೆ ಈ ಕೂಟದ ಸುದ್ದಿ ಇಲಾಖೆಯ ಮೇಲಿನವರ ಕಿವಿಗೆ ಬಿತ್ತು. ಬಹಳ ಮೆಚ್ಚಿದರು. ಮಂಡ್ಯದ ಸಭಾಂಗಣದಲ್ಲಿ ಬ್ಯಾನರು, ಹಾರ, ಉಪ್ಪಿಟ್ಟು. ‘ನಿಮ್ಮ ಸಾಧನೆ ಹೇಳಿ’ ಎಂದರು. ಎಲ್ಲರೂ ಹೇಳಿದರು. ಶಶಿರೇಖಾ ಮಾತ್ರ ಎಂದಿನಂತೆ ಕೆಟ್ಟ ಬೋರ್ಡೊಂದನ್ನು ಮೇಜಿನ ಮೇಲಿಟ್ಟು, ತಪ್ಪು ತನ್ನ ಪಾಠದ್ದು ಎಂದರು. ಸಭೆ ನಕ್ಕಿತು. ಮಹದೇವು ತಾನು ತಂದಿದ್ದ ಬೋರ್ಡನ್ನು ಕಾಲಿನಿಂದ ಕುರ್ಚಿಯ ಕೆಳಗೆ ತಳ್ಳಿದರು.

ಮುಂದಿನ ವರ್ಷಕ್ಕೆ ಬರುವುದು ಬೇಡ ಎಂದು ಕಾಲೇಜು ಈಗ ಶಶಿರೇಖಾಗೆ ತಿಳಿಸಿದೆ. ಏಕೆಂದು ಕೇಳಿದ್ದಕ್ಕೆ, “ಪಾಠ ತಪ್ಪು ಅಂತ ನೀವೇ ಹೇಳಿದ್ರಲ್ಲ ಮೇಡಂ” ಎಂಬ ಉತ್ತರ.

ಈ ಶನಿವಾರ ಮದ್ದೂರಿನ ಕೊಠಡಿಯಲ್ಲಿ ಕೂಡಿದ ಬೋಧಕರು ಇಬ್ಬರೇ. ಮಹದೇವು ತಲೆ ತಗ್ಗಿಸಿ ಕೂತಿದ್ದಾರೆ.

“ಅವತ್ತು ನಿನ್ ಬಾಯ್ಗೇನು ಉಪ್ಪಿಟ್ಟು ತುಂಬಿದ್ರಾ, ಮಹದೇವಣ್ಣ?”

“ಎಂಡ್ರು ಮಕ್ಳು ಇರೋನು ಕಣವ್ವ ನಾನು.”

“ನಾನೇನು ಮರದ್ ಮೇಲಿಂದ ಉದುರ್ದೋಳಾ?”

ಮಹದೇವು ಚೀಲದಿಂದ, ಅಂದು ಕುರ್ಚಿಯ ಕೆಳಗೆ ತಳ್ಳಿದ್ದ ಬೋರ್ಡನ್ನೇ ತೆಗೆದು ಮೆಲ್ಲಗೆ ಮುಂದಿಡುತ್ತಾರೆ. ಶಶಿರೇಖಾ ಒಂದು ಗಳಿಗೆ ಅದನ್ನೇ ನೋಡಿ, ಟೆಸ್ಟರ್ ಎತ್ತಿಕೊಳ್ಳುತ್ತಾರೆ.

ಕೆಲಸ ಕಳೆದ ಆ ಮಾತನ್ನು ಮತ್ತೆ ಆಡುತ್ತೀರಾ ಎಂದು ನಾನು ಕೇಳಿದರೆ ಶಶಿರೇಖಾ ಬೋರ್ಡಿನಿಂದ ಕಣ್ಣು ತೆಗೆಯುವುದಿಲ್ಲ.

“ಅದೇ ಸಭೇಲಿ ನಿಲ್ಸಿದ್ರೂ ಅದ್ನೇ ಅಂತೀನಿ. ಕೆಲ್ಸ ಓದ್ರೆ ಓಗ್ಲಿ. ನಾನ್ ಕಲ್ಸಿದ್ ಐಕ್ಳ ಕೆಲ್ಸದಿಂದ ಯಾರ್ ಮನೇಲೂ ಎಣ ಬೀಳ್ಬಾರ್ದು. ಅಷ್ಟೇಯ.”