ಕುಲ್ಫಿ ಪಕ್ಕದಲ್ಲಿ ‘ಹ್ಯೂಮನ್’

“ಚಿಗವ್ವ, ಬಸ್ ಕೆಟ್ಟು ಝಳಕ್ಯಾಗ ನಿಂತೈತಿ. ನನ್ನ ಕಡೆ ಪ್ರೋಟೀನ್ ಐತಿ, ಐಸ್ ಕರಗಾಕತ್ತೈತಿ. ಲಗೂ ಬಾ!”

ಅಕ್ಕನ ಮಗಳು ಗೀತಾ ಫೋನಿನಲ್ಲಿ ಹೀಗೆ ಅಳುದನಿಯಲ್ಲಿ ಕೂಗಿದಾಗ ನಾನು ಇಂಡಿ ಊರಿನ ನಮ್ಮ ಮನೆಯಲ್ಲಿ ನಿಂಬೆಕಾಯಿ ಹೆಚ್ಚುತ್ತಿದ್ದೆ. ಪ್ರೋಟೀನ್ ಎಂದರೆ ಜಿಮ್ ಹುಡುಗರ ಡಬ್ಬಿ ಎಂದಷ್ಟೇ ನನಗೆ ಗೊತ್ತು. ಅದಕ್ಕಾಗಿ ಯಾರಾದರೂ ಅಳುತ್ತಾರೆಯೇ? ಆದರೂ ಹೈವೇ ಮೇಲಿನ ಝಳಕಿ ಊರಿಗೆ ಕಾರು ತೆಗೆದೆ.

ಗೀತಾ ವಿಜಯಪುರದ ಲ್ಯಾಬೊಂದರಲ್ಲಿ ಸಕ್ಕರೆ ಕಾಯಿಲೆಯ ಬಗ್ಗೆ ಸಂಶೋಧನೆ ಮಾಡುತ್ತಾಳೆ. ಪುಣೆಯಿಂದ ತರುತ್ತಿದ್ದದ್ದು ಒಂದು ಪುಟ್ಟ ಸೀಸೆ. ತಿಂಗಳುಗಟ್ಟಲೆ ಕಾದು ಸಿಕ್ಕಿದ್ದು. ಕೆಟ್ಟರೆ ಪ್ರಯೋಗ ಅಲ್ಲಿಗೇ ನಿಂತಿತು. ಥರ್ಮಾಕೋಲ್ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರಗಳಲ್ಲಿ ‘ಹ್ಯೂಮನ್ ಇನ್ಸುಲಿನ್ ರಿಸೆಪ್ಟರ್’ ಎಂದಿತ್ತು. ನಮ್ಮ ಜೀವಕೋಶದ ಮೈಮೇಲೆ ಇನ್ಸುಲಿನ್ ಬಂದು ಕೂರುವ ಜಾಗವಂತೆ ಅದು. (ಕನ್ನಡದಲ್ಲಿ ‘ಗ್ರಾಹಕ’ ಎನ್ನುತ್ತಾರಂತೆ. ಆಮೇಲೆ ಸಿಕ್ಕ ಅಂಗಡಿಯವನಿಗೆ ಹಾಗೇ ಹೇಳಿದ್ದರೆ ಕುರ್ಚಿಯನ್ನೇ ಹಾಕಿಕೊಡುತ್ತಿದ್ದನೇನೋ!)

ಹೊಸ ಐಸ್ ಸಿಗುವವರೆಗೆ ಫ್ರೀಜರಿನಲ್ಲಿ ಇಟ್ಟುಕೊಳ್ಳಿ ಎಂದು ಕೇಳಿದ್ದಕ್ಕೆ, ಹೈವೇ ಪಕ್ಕದ ಐಸ್‌ಕ್ರೀಂ ಅಂಗಡಿಯ ಮಲ್ಲಪ್ಪ ಪೆಟ್ಟಿಗೆಯ ಮೇಲಿನ ಅಕ್ಷರ ಓದಿ ಹಿಂದೆ ಸರಿದ.

“ಹ್ಯೂಮನ್ ಅಂದ್ರ ಮನಷ್ಯಾ ಅಲ್ಲೇನ್ರಿ? ಕುಲ್ಫಿ ಬಾಜೂಕ ಹೆಂಗ ಇಡ್ಲಿರಿ? ಮಂದಿ ಏನ್ ಅಂದಾರು?”

ಲಸ್ಸಿ ಕುಡಿಯುತ್ತಿದ್ದ ಅಜ್ಜ ಕುತೂಹಲದಿಂದ ಕೇಳಿದ: “ಯಾರ್ದವ್ವಾ? ಸತ್ತಾನೋ, ಇನ್ನೂ ಅದಾನೋ?”

“ಯಾರ್ದೂ ಅಲ್ರಿ ಅಜ್ಜಾರ. ಮನಷ್ಯಾನ ಜೀನ್ ಇಟ್ಟ ಲ್ಯಾಬಿನ್ಯಾಗ ಬೆಳಸಿದ ಕೋಶದಿಂದ ತಯಾರ್ ಮಾಡಿದ್ದು. ಯಾರ ಮೈಯಾಗಿಂದೂ ಕೊಯ್ದಿಲ್ರಿ” ಎಂದಳು ಗೀತಾ.

‘ಕೊಯ್ದಿಲ್ಲ’ ಎಂಬ ಮಾತಿಗೇ ಅಜ್ಜ ಲೋಟ ಕೆಳಗಿಟ್ಟ.

“ಔಷಧ ಅಂತ ಹೇಳಿಬಿಡು” ಎಂದು ಪಿಸುಗುಟ್ಟಿದೆ. “ಔಷಧ ಅಲ್ಲಲ್ಲ ಚಿಗವ್ವ!” ಎಂದಳು. (ವಿಜ್ಞಾನ ಓದಿದವರನ್ನು ವ್ಯಾಪಾರಕ್ಕೆ ಕರೆದೊಯ್ಯಬಾರದು.)

ಅಷ್ಟರಲ್ಲಿ ಮಲ್ಲಪ್ಪನ ತಾಯಿ ಗಂಗವ್ವ ಬಂದರು. ಊಟದ ಹೊತ್ತು. ತಂಪು ಪಾನೀಯದ ಫ್ರಿಜ್ ತೆಗೆದು, ಬಾಟಲಿಗಳ ಹಿಂದಿನಿಂದ ತಮ್ಮ ಇನ್ಸುಲಿನ್ ಸೀಸೆ ಎತ್ತಿಕೊಂಡರು. ಗೀತಾಳ ಕಣ್ಣು ಅರಳಿತು.

“ಅಣ್ಣಾರ, ಇದರ ಮ್ಯಾಲ ಓದ್ರಿ. ಇದೂ ‘ಹ್ಯೂಮನ್’ ಇನ್ಸುಲಿನ್ನ. ಇದನ್ನೂ ಹಿಂಗ ಲ್ಯಾಬಿನ ಪದ್ಧತಿಲೆ ಮಾಡ್ತಾರ!”

ಗೆದ್ದೆವು ಅಂದುಕೊಂಡೆ. ಗಂಗವ್ವ ಸಿರಿಂಜ್ ಕೆಳಗಿಟ್ಟರು.

“ಅಂದ್ರ ಇಷ್ಟ ದಿನಾ ನಾ ಮನಷ್ಯಾಂದು ಚುಚ್ಕೊಳ್ಳಾಕತ್ತೇನೇನು? ಇನ್ನ ಒಲ್ಲೆ. ಸತ್ರೂ ಒಲ್ಲೆ.”

ಮಲ್ಲಪ್ಪನ ಮುಖ ಬಿಳಿಚಿತು. ಹಿಂದೊಮ್ಮೆ ಇಂಜೆಕ್ಷನ್ ತಪ್ಪಿ ಅವ್ವನನ್ನು ದವಾಖಾನೆಗೆ ಹೊತ್ತೊಯ್ದವನು ಅವನು. “ಎಂಥಾ ಮಾತ ಹೇಳಿದ್ರಿ ಅಕ್ಕಾರ!”

ಗೀತಾ ಪೆಟ್ಟಿಗೆಯನ್ನು ಕೌಂಟರಿನ ಮೇಲೇ ಮರೆತಳು. ಮುದುಕಿಯ ಕಾಲ ಬಳಿ ನೆಲದ ಮೇಲೆ ಕೂತು ಕೈ ಹಿಡಿದುಕೊಂಡಳು.

“ಯಾರ ರಕ್ತಾನೂ ಅಲ್ಲಬೇ. ಕಣ್ಣಿಗೆ ಕಾಣದಂಥಾ ಸಣ್ಣ ಜೀವಿಗೋಳು ಮಾಡಿಕೊಡ್ತಾವ, ಹೆಪ್ಪು ಹಾಲನ್ನ ಮೊಸರ ಮಾಡಿಧಂಗ. ನಮ್ಮಪ್ಪನೂ ಇದನ್ನ ತಗೋತಾನ. ಅವಗ ಎಷ್ಟ ಚುಚ್ಚಿದ್ರೂ ಸಕ್ಕರಿ ಇಳಿವಲ್ದು. ಯಾಕ ಅಂತ ಹುಡಕಾಕ ಈ ಪೆಟಗಿ ಹೊತ್ಕೊಂಡ ಹೊಂಟೇನಿ.”

ಇದು ನನಗೂ ಹೊಸ ಸುದ್ದಿ. ಭಾವನಿಗೆ ಸಕ್ಕರೆ ಇರುವುದು ಗೊತ್ತಿತ್ತು. ಅದಕ್ಕೇ ಈ ಹುಡುಗಿ ಇದನ್ನು ಹಿಡಿದಿದ್ದಾಳೆ ಎಂದು ಅವಳೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಗಂಗವ್ವ ಅವಳನ್ನೇ ದಿಟ್ಟಿಸಿದರು. “ಊಟಾ ಹೊತ್ತಿಗೆ ಸರಿಯಾಗಿ ಮಾಡ್ತಾನೇನ ನಿಮ್ಮಪ್ಪ?” ಎಂದು ಕೇಳಿ, ಸಿರಿಂಜ್ ಎತ್ತಿಕೊಂಡು ಚುಚ್ಚಿಕೊಂಡರು.

ತಿರುಗಿ ನೋಡಿದರೆ ಕೌಂಟರಿನ ಮೇಲೆ ಪೆಟ್ಟಿಗೆ ಇಲ್ಲ! ಮಲ್ಲಪ್ಪ ಕುಲ್ಫಿ ಸರಿಸಿ ಫ್ರೀಜರಿನಲ್ಲಿಟ್ಟಿದ್ದ. “ನಮ್ಮವ್ವನ ಒಪ್ಪಿದ ಮ್ಯಾಲ ನಂದೇನ್ರಿ ತಕರಾರು?”

ಹೊಸ ಐಸ್ ತುಂಬಿಸಿ ಪೆಟ್ಟಿಗೆಯನ್ನು ನಾನೇ ಎತ್ತಿಕೊಂಡೆ, ಗೀತಾಳನ್ನು ಲ್ಯಾಬಿಗೆ ಬಿಟ್ಟು ಬಂದೆ. ಪ್ರೋಟೀನ್ ಉಳಿದಿತ್ತು.

ಮೊನ್ನೆ ಇಂಡಿ ಸಂತೆಯಲ್ಲಿ ಪರಿಚಯದ ಹೆಂಗಸೊಬ್ಬರು ನನ್ನನ್ನು ಬದಿಗೆ ಕರೆದರು. “ಝಳಕ್ಯಾಗ ಐಸ್‌ಕ್ರೀಂ ತಿನ್ನಬ್ಯಾಡ್ರಿ. ಫ್ರಿಜ್‌ನ್ಯಾಗ ಮನಷ್ಯಾರ ಕಿಡ್ನಿ ಇಡ್ತಾರಂತ!”

ಇಲ್ಲ, ನಾನೇ ಅಲ್ಲಿದ್ದೆ, ಅದು ಲ್ಯಾಬಿನ ಪ್ರೋಟೀನ್ ಎಂದು ಎಲ್ಲವನ್ನೂ ಬಿಡಿಸಿ ಹೇಳಿದೆ. ಪಾಪ, ತಾಳ್ಮೆಯಿಂದ ಕೇಳಿದರು.

“ನಿಮಗೇನ್ ಗೊತ್ತರಿ? ಮೊಬೈಲ್‌ನ್ಯಾಗ ಫೋಟೊ ಬಂದೈತಿ” ಎಂದು ತೋರಿಸಿದರು. ಪೆಟ್ಟಿಗೆ ಎತ್ತಿಕೊಂಡು ಕಾರು ಹತ್ತುತ್ತಿರುವವಳು ಸಾಕ್ಷಾತ್ ನಾನೇ!

“ನೋಡ್ರಿ, ಇದು ನಾನ!” ಎಂದೆ.

ಅವರು ಒಮ್ಮೆ ಫೋಟೊ, ಒಮ್ಮೆ ನನ್ನ ಮುಖ ನೋಡಿದರು. ಮತ್ತಷ್ಟು ಹತ್ತಿರ ಬಂದು ಮೆಲ್ಲಗೆ ಕೇಳಿದರು:

“ಒಂದ ಕಿಡ್ನಿಗೆ ಎಷ್ಟ ಕೊಡ್ತಾರ್ರಿ?”